ಆ ಐದಕ್ಷರಕ್ಕೆ ಸೊನ್ನೆ

ನನ್ನ ಹೆಸರು ಹೊಳಬಸಪ್ಪ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ರಾದ್ಧಾಂತವೆಲ್ಲ ನಡೆದದ್ದು ಆ ಐದಕ್ಷರಕ್ಕಾಗಿಯೇ.

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತೆಂಟು ವರ್ಷ ಬೆಲ್ಲ ಮಾರಿ, ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಇನ್ನು ಹಾಯಾಗಿರೋಣ ಎಂದು ಮನೆಯಲ್ಲಿ ಕೂತೆ. ಅಷ್ಟರಲ್ಲಿ ನಮ್ಮ ಮನೆಯಾಕೆ ಶಿವಗಂಗವ್ವನಿಗೆ ಮರೆವು ಹತ್ತಿಕೊಂಡಿತು. ಮೊದಮೊದಲು ಉಪ್ಪಿಟ್ಟಿಗೆ ಎರಡು ಸಲ ಉಪ್ಪು. ಆಮೇಲೆ ದೇವರ ಜಗಲಿಯ ಮೇಲೆ ಲಟ್ಟಣಿಗೆ, ಅದಕ್ಕೆ ವಿಭೂತಿ ಬೇರೆ. ಕಡೆಗೆ ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ಸೊಸೆ ಸಪ್ನಾ ನಮ್ಮಿಬ್ಬರನ್ನೂ ನೆನಪಿನ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರು ಮರಾಠಿಯವರು. ಇವತ್ತು ಯಾವ ವಾರ ಎಂದು ಕೇಳಿದರು. "ನಳದಾಗ ನೀರ ಬರೋ ದಿನಾರಿ" ಎಂದಳು ನಮ್ಮಾಕೆ. (ಸುಳ್ಳಲ್ಲ, ಬಂದಿತ್ತು.) ಆಮೇಲೆ ನನ್ನತ್ತ ಬೆರಳು ತೋರಿಸಿ, "ಹ್ಯಾಂಚ ನಾವ್ ಕಾಯ್?" ಎಂದರು, ಅಂದರೆ ಇವರ ಹೆಸರೇನು. ನಮ್ಮಾಕೆ ತಲೆ ಮೇಲೆ ಸೆರಗೆಳೆದುಕೊಂಡು ನೆಲ ನೋಡತೊಡಗಿದಳು. ಮೂರು ಸಲ ಕೇಳಿದರು. ಊಹೂಂ. ಡಾಕ್ಟರು ಕಾಗದದ ಮೇಲೆ ದುಂಡಗೆ ಒಂದು ಸೊನ್ನೆ ಹಾಕಿದರು.

ನನಗೆ ರೇಗಿತು. ರೇಗಿದರೆ ನನಗೆ ಕನ್ನಡವೇ ಬರುವುದು.

"ಏನ್ರಿ ಸಾಹೇಬ್ರ! ನಲವತ್ತಾರು ವರ್ಷದಾಗ ಈಕಿ ಒಮ್ಮಿನೂ ನನ್ನ ಹೆಸರ ಹಿಡಿದಿಲ್ಲ. ಗಂಡನ ಹೆಸರ ಹೆಂಗ ಹೇಳ್ತಾಳ್ರಿ? ಸೊನ್ನಿ ಹಾಕೋದಿದ್ರ ಮದಿವಿ ದಿನಾನ ಹಾಕಬೇಕಿತ್ತು!"

ಸಪ್ನಾ ಅದನ್ನು ಮರಾಠಿಯಲ್ಲಿ ಮೆತ್ತಗೆ ಮಾಡಿ ಹೇಳಿದಳು. ಡಾಕ್ಟರು ನಕ್ಕು, ಹಾಗಾದರೆ ನೀವೇ ಮನೆಯಲ್ಲಿ ಉಪಾಯವಾಗಿ ಕೇಳಿ ನೋಡಿ ಎಂದರು.

ಆಟೋದಲ್ಲಿ ಬರುವಾಗ ನಿಜಕ್ಕೂ ಹೆದರಿಕೆಯಾಯಿತು. ನಾಚಿಕೆಯಿಂದ ಹೇಳಲಿಲ್ಲವೋ, ನೆನಪೇ ಇಲ್ಲವೋ? ವಾರ ಮರೆಯಲಿ, ಉಪ್ಪು ಮರೆಯಲಿ, ನನ್ನ ಹೆಸರೊಂದು ಮರೆಯದಿರಲಿ ಎನಿಸಿತು. (ಸ್ವಾರ್ಥ ಅನ್ನಿ, ಅನ್ನಿಸಿಕೊಳ್ಳುತ್ತೇನೆ.)

ಮರುದಿನದಿಂದಲೇ ನನ್ನ ಮಹಾ ಪತ್ತೇದಾರಿ ಆರಂಭವಾಯಿತು. ಹೊರಗೆ ಹೋಗಿ ಗಂಟೆ ಒತ್ತಿ, ಕೈಯಲ್ಲೊಂದು ಲಕೋಟೆ ಹಿಡಿದು ನಿಂತೆ.

"ಕುರಿಯರ್ ರೀ! ಹೊಳ... ಹೊಳ... ಮುಂದಿಂದು ಅಳಿಸೇತಿ. ಈ ಮನಿ ಯಜಮಾನ್ರ ಹೆಸರ ಏನ್ರಿ?"

"ಅವ್ರು ಮನ್ಯಾಗಿಲ್ರಿ. ಬಿಸಲಾಗ ಬಂದೀರಿ, ತಡೀರಿ" ಎಂದು ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟು, ಲೋಟ ವಾಪಸ್ ಇಸಿದುಕೊಂಡು, ನನ್ನ ಮುಖಕ್ಕೇ ಬಾಗಿಲು ಹಾಕಿದಳು.

ಇನ್ನೊಂದು ದಿನ ಅವಳ ಎದುರು ತಲೆ ಹಿಡಿದುಕೊಂಡು ಕೂತೆ. "ಯಾಕೋ ನನ್ನ ಹೆಸರ ನನಗ ನೆನಪಾಗವಲ್ದು. ನೀನರ ಹೇಳ."

"ಅಯ್ಯ, ಪಾಪ! ಯಾರರ ಛಲೋ ಡಾಕ್ಟರಿಗೆ ತೋರಿಸ್ರಿ" ಎಂದು ಮರುಗಿದಳು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ನಮ್ಮ ಮನೆಯಲ್ಲಿ ಅರಿಷಿಣ ಕುಂಕುಮ. ಕಟ್ಟಡದ ಹೆಂಗಸರೆಲ್ಲ ಬಂದರು, ಗಂಡಸರಿಗೆ ಪ್ರವೇಶವಿಲ್ಲ. ನಾನು ಅಡುಗೆಮನೆಯ ಪರದೆಯ ಹಿಂದೆ ನಿಂತಿದ್ದೆ. ಮೇಲಿನ ಮನೆಯ ಇಂದೂ ನಮ್ಮಾಕೆಯ ಕೈ ಹಿಡಿದು, "ಆಜೀ, ನಾವ್ ಘ್ಯಾ ನಾ!" ಎಂದಳು. ಹೆಸರು ತೊಗೊಳ್ಳಿ ಎಂದರ್ಥ. (ಮರಾಠಿಯಲ್ಲಿ ನಾವ್ ಎಂದರೆ ಹೆಸರು, ನಮ್ಮಲ್ಲಿ ನಾವು ಎಂದರೆ ನಾನೂ ಅವಳೂ. ನನಗೆ ಎರಡೂ ಬೇಕಾಗಿತ್ತು.)

ಆಗ ನನ್ನ ತಲೆಗೆ ಹೊಳೆಯಿತು. ಥೂ, ಎಂಥ ದಡ್ಡ ನಾನು! ಗಂಡನ ಹೆಸರು ಬರಿದೇ ಹೇಳಬಾರದು, ಒಡಪಿನಲ್ಲಿ, ಅಂದರೆ ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ, ಸೇರಿಸಿ ಹೇಳಬಹುದು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇರುವ ದಾರಿ ಅದೊಂದೇ.

ಶಿವಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಪರದೆಗೆ ಕಿವಿ ಹಚ್ಚಿದೆ. ಆಮೇಲೆ, ಎಲ್ಲೂ ತಡವರಿಸದೆ:

"ಬೆಲ್ಲದ ಪೆಂಟಿಗೆ ಮುತ್ಯಾವ ಇರವಿ,
ಯಾಪಾರಕ್ಕ ಕುಂತ್ರ ಹೊಳಬಸಪ್ಪಗ ಮನಿಯೇ ಮರವಿ!"

ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ಮರೆವಿನ ಆರೋಪ ನನ್ನ ಮೇಲೆಯೇ ಬಂದಿತ್ತು. ಬರಲಿ ಬಿಡಿ, ಖರೇನೇ ಅದು. ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ. ಪರದೆ ಸರಿಸಿ ನಡುಮನೆಗೆ ನುಗ್ಗಿದೆ.

"ಹೇಳಿದ್ಲು! ಹೇಳಿದ್ಲು ನೋಡ್ರಿ!"

ಶಿವಗಂಗವ್ವ ಬೆಚ್ಚಿಬಿದ್ದಳು. "ಅಯ್ಯ, ಯಾರಿವ್ರು? ಹೆಣ್ಮಕ್ಕಳು ಕುಂತಲ್ಲಿ ಹಿಂಗ ಬರೋದೇನ್ರಿ?"

"ನಾನ! ಹೊಳಬಸಪ್ಪ!"

ಅವಳು ನನ್ನನ್ನು ಬೋಳು ತಲೆಯಿಂದ ಅಂಗಾಲಿನವರೆಗೆ ನೋಡಿದಳು. "ಸಾಕ ಸುಮ್ನಿರ್ರಿ. ನಮ್ಮವ್ರಿಗೆ ಇಷ್ಟ ವಯಸ್ಸಾಗಿಲ್ಲ."

ಹೆಂಗಸರು ನಗುವುದೋ ಬಿಡುವುದೋ ತಿಳಿಯದೆ ಸೆರಗು ಕಚ್ಚಿಕೊಂಡರು. ಸಪ್ನಾ, "ಮಾವಾರ, ಒಂದೀಟ ಹೊರಗ ಕೂಡ್ರಿ" ಎಂದು ಕಣ್ಣಲ್ಲೇ ಬೇಡಿಕೊಂಡಳು. ಸ್ವಂತ ಮನೆಯಿಂದ ಹೊರಬಿದ್ದು ಮೆಟ್ಟಿಲ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಶಿವಗಂಗವ್ವ ನನ್ನ ಅಂಗೈಗೆ ಎಳ್ಳು ಬೆಲ್ಲ ಹಾಕಿದಳು.

"ಸಿಟ್ಟಾಗಬ್ಯಾಡ್ರಿ ಅಜ್ಜಾರ. ಇಲ್ಲೇ ಕುಂತಿರ್ತೀರಲ್ಲ, ನಮ್ಮವ್ರು ಬಂದ್ರ ಲಗೂನ ಒಳಗ ಕಳಸ್ರಿ."

"ನಾ ಅವ್ರನ್ನ ಹೆಂಗ ಗುರ್ತ ಹಿಡೀಲಿ, ಯವ್ವಾ?"

ಅವಳ ಮುಖ ಕೆಂಪೇರಿತು. ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದಳು: "ಭಾಳ ಚಂದ ಅದಾರ್ರಿ. ನಿಮ್ಮಂಗ ಅಲ್ಲ."

ನಲವತ್ತಾರು ವರ್ಷದಲ್ಲಿ ಈ ಮಾತನ್ನು ಅವಳು ನನಗೆ ಒಮ್ಮೆಯೂ ಹೇಳಿದವಳಲ್ಲ.

"ಬಂದ ಕೂಡ್ಲೆ ಕಳಸ್ತೀನ್ರಿ" ಎಂದೆ.