ಎಲೆ ಹಾಕದ ಸೀಸೆ

ತಿರುಮಲೈಸಾಮಿಯ ಆ ದಿನದ ಕಷ್ಟಕ್ಕೆಲ್ಲ ಮೂಲ ಒಂದು ಗೇಣು ನೆರಳು.

ಕಾಂಗೇಯದ ಅವನ ಮನೆಯ ಹಿತ್ತಿಲ ಗೋಡೆಯ ಮೇಲೆ ನಾಲ್ಕು ಕಂದು ಸೀಸೆಗಳು ಇಪ್ಪತ್ತೊಂಬತ್ತು ದಿನ ಬಿಸಿಲು ಕಾಯಿಸಿಕೊಂಡಿದ್ದವು. ನಾಲ್ಕರಲ್ಲೂ ಒಂದೇ ಗಾಣದ ಕೊಬ್ಬರಿ ಎಣ್ಣೆ. ಮೂರರಲ್ಲಿ, ಸಂತೆಯಲ್ಲಿ ಯಾರೂ ಕೇಳದ ಹಣ್ಣುಗಳ ಎಲೆ: ಬೇಲ, ಸೀಮೆಹುಣಸೆ, ಮುಳ್ಳು ರಾಮಫಲ. ನಾಲ್ಕನೆಯದರಲ್ಲಿ ಬರೀ ಎಣ್ಣೆ. ಅದು ಮೊದಲು ಕಮಟು ಹಿಡಿಯಬೇಕು, ಎಲೆ ಹಾಕಿದವು ಕೆಡದೆ ಉಳಿಯಬೇಕು. ಆಗ ಎಲೆಗಳಲ್ಲಿ ಆಂಟಿ-ಆಕ್ಸಿಡೆಂಟ್ ಇದೆ ಎಂದು ಸಾಬೀತು. ಎಂಬತ್ತನಾಲ್ಕರ ಏಪ್ರಿಲ್‌ನ ಆ ದಿನ ನಾಲ್ಕು ಗಂಟೆಯೊಳಗೆ ಇದನ್ನು ಕೊಯಮತ್ತೂರಿನ ಕಾಲೇಜಿನಲ್ಲಿ ತೋರಿಸದಿದ್ದರೆ ಅವನ ಸಂಶೋಧನೆಯ ಸೀಟು ರದ್ದು.

ಕೊನೆಯ ಬೆಳಿಗ್ಗೆ ನೋಡುತ್ತಾನೆ, ಬೇಲಿಯ ಗಿಡವೊಂದರ ನೆರಳು ಸೀಸೆಗಳ ಮೇಲೆ. ಅರ್ಧಕ್ಕೆ ಕೆಲಸ ಬಿಡುವ ಸ್ವಭಾವ ಅವನದಲ್ಲ. ಗಿಡವನ್ನು ಬೇರುಸಹಿತ ಕಿತ್ತು ಪಕ್ಕದ ಮನೆಯ ಮಯಿಲ್‌ಸಾಮಿಗೆ ಕೊಟ್ಟ.

"ಆಡಿಗೆ ಹಾಕಿ ಮಾಮಾ."

ಅಷ್ಟರಲ್ಲಿ ಎದುರುಮನೆಯ ಮುತ್ತಮ್ಮಾಳ್ ಅಂಗೈ ಗುಳಿ ಮಾಡಿಕೊಂಡು ಬಂದರು. "ತಂಬಿ, ಒಂದೇ ಒಂದು ಕೈ ಎಣ್ಣೆ ಹುಯ್ಯಿ. ನನ್ನ ಮಗಳ ಜಡೆ ಇಲಿಬಾಲ ಆಗೋಯ್ತು."

"ಇದು ತಲೆಗೆ ಹಚ್ಚೋದಲ್ಲ ಅಕ್ಕಾ, ಕಾಲೇಜಿನ ಸಂಶೋಧನೆ."

ಮುತ್ತಮ್ಮಾಳ್ ಅವನ ನೆತ್ತಿ ನೋಡಿದರು. ಅದು ಸುಗ್ಗಿ ಮುಗಿದ ಕಣದಂತಿತ್ತು. "ನೀನು ಹಚ್ಚಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ ಬಿಡು."

ಬಸ್ಸಿನಲ್ಲಿ ಅವನು ಸೀಸೆಗಳ ಚೀಲವನ್ನು ಬಾಣಂತಿಯ ಮಗುವಿನಂತೆ ಮಡಿಲಲ್ಲಿಟ್ಟುಕೊಂಡ. ಪಕ್ಕದ ಮುದುಕರು ಮೂಸಿ ನೋಡಿ, ಪಂಚೆ ಸರಿಸಿ, ನೋವಿನ ಮೊಣಕಾಲನ್ನು ಎಣ್ಣೆಗೆಂದು ಮುಂದೆ ಚಾಚಿದರು. ಇವನು ಕಿಟಕಿಯ ಕಡೆ ತಿರುಗಿದ. ಮೊಣಕಾಲು ದಾರಿಯ ಪಲ್ಲಡಂ ಊರಿನವರೆಗೂ ಹಾಗೇ ಕಾದಿತ್ತು.

ಕಾಲೇಜಿನಲ್ಲಿ ಮೈಸೂರು ಕಡೆಯ ಪ್ರೊಫೆಸರರು ತಾವೇ ಪರೀಕ್ಷೆ ಮಾಡಿದರು. ಎಲೆ ಹಾಕಿದ ಮೂರೂ ಸೀಸೆ ಕಮಟು ಹಿಡಿದಿದ್ದವು. ನಾಲ್ಕನೆಯದು ಗಾಣದಿಂದ ಆಗಷ್ಟೇ ಇಳಿದಂತಿತ್ತು. ಅವರು ಮತ್ತೊಮ್ಮೆ ಮಾಡಿದರು. ಅದೇ ಫಲಿತಾಂಶ.

"ತಿರುಮಲೈಸಾಮಿಯವರೇ, ಎಣ್ಣೆ ಕೆಡಬಾರದು ಅಂದ್ರೆ ಎಲೆ ಹಾಕಬಾರದು. ಇದನ್ನ ಕಂಡುಹಿಡಿಯೋಕೆ ಸೀಟು ಬೇಕಾಗಿಲ್ಲ," ಎಂದು ಸೀಟು ರದ್ದಿನ ಕಾಗದಕ್ಕೆ ಸಹಿ ಹಾಕಿದರು.

ದೀಪ ಹಚ್ಚುವ ಹೊತ್ತಿಗೆ ಅವನು ಮನೆ ಸೇರಿ ತಾಯಿ ಕುಪ್ಪಮ್ಮನಿಗೆ ಎಲ್ಲ ಹೇಳಿದ. ಕುಪ್ಪಮ್ಮ ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡಳು.

"ಯಾವ ಸೀಸೆಗೆ ಎಲೆ ಇಲ್ಲ ಅಂತೀಯ? ನಾಲ್ಕಕ್ಕೂ ಇತ್ತಲ್ಲ ಕಂದಾ."

"ನಾಲ್ಕನೇದಕ್ಕೆ ನಾನು ಹಾಕಲೇ ಇಲ್ಲ ಅವ್ವಾ!"

"ಮರೆತಿದ್ದೀಯ ಅಂತ ನಾನೇ ಹಾಕಿದೆ. ಮೂರಕ್ಕೆ ಹಾಕಿ ಒಂದಕ್ಕೆ ಬಿಟ್ರೆ ನೋಡಿದವರು ಏನಂದಾರು? ವಾರ ಬಿಟ್ಟು, ಕೊಳೀಬಾರದು ಅಂತ ಬಟ್ಟೇಲಿ ಸೋಸಿ ತೆಗೆದೆ. ತಲೆಎಣ್ಣೆ ಹಂಗೇ ಅಲ್ವಾ ಕಾಯಿಸೋದು?"

ತಿರುಮಲೈಸಾಮಿ ಎದ್ದು ನಿಂತ. ಹಾಗಾದರೆ ಬೇಲವನ್ನೂ ರಾಮಫಲವನ್ನೂ ಸೋಲಿಸಿದ ಎಲೆಯೊಂದಿದೆ. ನಾಳೆ ಬೆಳಿಗ್ಗೆ ಒಂದು ಕೊಂಬೆ ಹಿಡಿದು ಹೋದರೆ ಪ್ರೊಫೆಸರರು ಸಹಿಯನ್ನೇ ಹೊಡೆದುಹಾಕಿಯಾರು.

"ಯಾವ ಎಲೆ ಅವ್ವಾ?"

"ಹೆಸರು ಯಾರಿಗೆ ಗೊತ್ತು? ಕರಿಹಣ್ಣು ಬಿಡುತ್ತೆ, ಕಾಗೆ ಮಾತ್ರ ತಿನ್ನುತ್ತೆ. ನಿಮ್ಮಜ್ಜಿ ಧಾರಾಪುರಂನಿಂದ ತಂದು ನೆಟ್ಟಿದ್ದು. ಅಲ್ಲೂ ಈಗ ಇಲ್ಲವಂತೆ. ಹಿತ್ತಿಲ ಬೇಲೀಲಿ ಒಂದೇ ಒಂದು ಇದೆ ನೋಡು."

ಅವನು ಬೇಲಿ ಹಾರಿದ. ಆಚೆ ಮಯಿಲ್‌ಸಾಮಿಯ ಆಡು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅದರ ಮುಂದಿನ ನೆಲ ಗುಡಿಸಿಟ್ಟಂತಿತ್ತು.

"ಬೇರು ಕೂಡ ಬಿಡಲಿಲ್ಲ ತಂಬಿ," ಎಂದರು ಮಯಿಲ್‌ಸಾಮಿ, ಆಡಿನ ಬೆನ್ನು ಸವರುತ್ತಾ. "ಇನ್ನೂ ಇದ್ರೆ ಕೊಡಪ್ಪಾ."