ಕೆಡದ ಸೈಕಲ್ಲು

ಭಾನುಪ್ರಕಾಶ ಹೊಸ ಸೈಕಲ್ಲು ತಂದ ಮೇಲೆ ಅವನನ್ನು ಮಾತಾಡಿಸುವವರೇ ಇಲ್ಲವಾದರು. ಸೈಕಲ್ಲಿನಲ್ಲಿ ದೋಷವೇನೂ ಇರಲಿಲ್ಲ. ಬಂದ ತೊಂದರೆಯೇ ಅದು.

ನಲವತ್ತಾರು ವಯಸ್ಸು, ಮದುವೆಯಿಲ್ಲ, ಹಿಂದೂಪುರದ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಗಿರಾಕಿಗಳು ಬಿಚ್ಚಿ ಬಿಸಾಕಿದ ಸೀರೆಗಳನ್ನು ಮಡಿಸುವ ಕೆಲಸ. ಅಂಥವನಿಗೆ ಹಳೇ ಸೈಕಲ್ಲೇ ಸಂಸಾರವಾಗಿತ್ತು. ಸಂಜೆ ಅದು ಕಿರ್ರೋ ಎಂದು ಅರಚುತ್ತ ಬೀದಿ ತಿರುಗಿದರೆ ಸಾಕು, ಪಕ್ಕದ ಮನೆಯ ಚಿನ್ನಕ್ಕ ಮಗ್ಗ ನಿಲ್ಲಿಸಿ, "ಬಂದ್ಯೇನಪ್ಪ ಭಾನು? ಹುರುಳಿಕಾಳು ಸಾರು ಐತೆ, ತಟ್ಟೆ ತಗಂಬಾ" ಎಂದು ಕೂಗುತ್ತಿದ್ದಳು. ದಿನ ಬಿಟ್ಟು ದಿನ ಚೈನು ಬೀಳುತ್ತಿತ್ತು, ವಾರಕ್ಕೊಮ್ಮೆ ಬೆಸುಗೆ ಬಿಡುತ್ತಿತ್ತು. ಆಗೆಲ್ಲ ಸರ್ಕಲ್ಲಿನ ಕಾಳಪ್ಪನ ಸೈಕಲ್ ಶಾಪಿನಲ್ಲಿ ಕೂತು, ಟೀ ಕುಡಿದು, ಪಕ್ಕದಲ್ಲಿ ಹೂ ಮಾರುವ ಪಾಪಕ್ಕ ಸೊಸೆಯ ಮೇಲೆ ಹೇಳುವ ದೂರುಗಳನ್ನೆಲ್ಲ ಕೇಳಿ ಮನೆಗೆ ಹೋಗುತ್ತಿದ್ದ.

ಒಂದು ದಿನ ಕಾಳಪ್ಪನಿಗೆ ರೇಗಿತು. "ಏನ್ಲಾ ಇದು, ಬೆಸುಗೆ ಮ್ಯಾಲೆ ಬೆಸುಗೆ! ಜೀವಮಾನ ಬಾಳೋ ಅಂಥದ್ದೊಂದು ತಗೋ ಹೋಗಪ್ಪ!"

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಈ ಪುಣ್ಯಾತ್ಮ ಕೂಡಿಟ್ಟದ್ದನ್ನೆಲ್ಲ ಸುರಿದು ಟೈಟಾನಿಯಂ ಫ್ರೇಮಿನ ಸೈಕಲ್ಲು ತಂದ. ವಿಮಾನಕ್ಕೆ ಹಾಕುವ ಲೋಹವಂತೆ. ಒಂದೇ ಕೈಯಲ್ಲಿ ಎತ್ತಬಹುದು, ತುಕ್ಕು ಹಿಡಿಯುವುದಿಲ್ಲ, ಗುಂಡಿಗೆ ಬಿದ್ದರೂ ಸೊಂಟಕ್ಕೆ ತಿಳಿಯುವುದಿಲ್ಲ. ಮುಳ್ಳು ಚುಚ್ಚಿದರೆ ಟೈರೊಳಗಿನ ಎಂಥದೋ ಬಿಳಿ ರಸ ತಾನೇ ತೂತು ಮುಚ್ಚುತ್ತದೆ. ಚೈನಿನ ಬದಲು ರಬ್ಬರ್ ಬೆಲ್ಟು, ಹಾಗಾಗಿ ಸದ್ದೇ ಇಲ್ಲ. ಬಣ್ಣವೂ ಬೇಡವೆಂದು ಬೂದಿಬಣ್ಣದ ಬತ್ತಲೆ ಲೋಹವನ್ನೇ ಬಿಟ್ಟಿದ್ದರು. ಪಾಪಕ್ಕ ನೋಡಿದವಳೇ, "ಅಯ್ಯೋ ಪಾಪಮು, ಬಣ್ಣ ಹಚ್ಸಕ್ಕೆ ದುಡ್ಡು ಸಾಲ್ದೇ ಹೋಯ್ತಾ?" ಎಂದು ಮರುಗಿದಳು. ಬೆಲೆ ಕೇಳಿದ ಮೇಲೆ ಮಾತು ಬಿಟ್ಟಳು.

ಅಲ್ಲಿಗೆ ಮುಗಿಯಿತು. ಅವನು ಮನೆಗೆ ಬಂದದ್ದು ಚಿನ್ನಕ್ಕನ ಕಿವಿಗೆ ಬೀಳುತ್ತಿರಲಿಲ್ಲ, ಹಾಗಾಗಿ ಸಾರೂ ಬರಲಿಲ್ಲ. ಅಷ್ಟು ದುಡ್ಡಿನ ಸೈಕಲ್ಲಿನವನಿಗೆ ನಮ್ಮ ಹಂಗೇಕೆ ಎಂದು ಬೀದಿ ತೀರ್ಮಾನಿಸಿತು. ಭಾನುಪ್ರಕಾಶ ಒಬ್ಬನೇ ಅನ್ನ ಬೇಯಿಸಿ, ಒಬ್ಬನೇ ಉಂಡು, ಗೋಡೆಗೊರಗಿದ ಸೈಕಲ್ಲನ್ನು ನೋಡುತ್ತ ಕೂರುತ್ತಿದ್ದ. ಮನಸ್ಸು ತುಂಬ ಕೆಟ್ಟುಹೋಗಿತ್ತು. ಕೊನೆಗೆ ಒಂದು ಭಾನುವಾರ ಎದ್ದವನೇ, ಏನಾದರಾಗಲಿ, ಇವತ್ತು ಇದನ್ನು ಕೆಡಿಸಿಯೇ ತೀರುವುದು ಎಂದು ನಿಶ್ಚಯಿಸಿದ.

ಮೊದಲು ಹುಣಸೆಹಣ್ಣಿಗೆ ಉಪ್ಪು ಕಲಸಿ ಫ್ರೇಮಿಗೆಲ್ಲ ಬಳಿದು ಬಿಸಿಲಿಗಿಟ್ಟ. ತುಕ್ಕು ಬರಲಿ ಎಂದು ಕಾದು ಕೂತು, ಒರೆಸಿ ನೋಡಿದರೆ ಮೊದಲಿಗಿಂತ ಫಳಫಳ.

ನಲ್ಲಿಗೆ ಬಂದ ಚಿನ್ನಕ್ಕ ಮೂಗು ಮುರಿದಳು. "ಹಬ್ಬಕ್ಕೆ ಹಿತ್ತಾಳೆ ಬಿಂದಿಗೆ ಬೆಳಗ್ದಂಗೆ ಬೆಳಗಿದೀಯ! ಇನ್ನೇನಪ್ಪ, ನಮ್ಮಂಥೋರು ಕಣ್ಣಿಗೆ ಕಾಣ್ತೀವಾ?"

"ಹಂಗಲ್ಲ ಚಿನ್ನಕ್ಕ..." ಎನ್ನುವಷ್ಟರಲ್ಲಿ ಅವಳ ಬಿಂದಿಗೆ ತುಂಬಿತ್ತು, ಅವಳು ಹೊರಟುಹೋದಳು.

ಸಿಟ್ಟಿನಿಂದ ಸೈಕಲ್ಲನ್ನು ಎತ್ತಿ ಜಗಲಿ ಮೇಲಿಂದ ಕೆಳಕ್ಕೆ ಬಿಸಾಡಿದ. ಜಗಲಿಯ ಅಂಚಿನ ಕಲ್ಲು ಚಕ್ಕೆ ಎದ್ದಿತು. ಸೈಕಲ್ಲಿಗೆ ಗೀರೂ ಬೀಳಲಿಲ್ಲ.

ಬೇರೆ ದಾರಿ ಕಾಣದೆ ಕಾಳಪ್ಪನ ಅಂಗಡಿಗೆ ಹೋದ. ಕಾಳಪ್ಪ ತಲೆಯೆತ್ತಿ, "ಏನ್ ಕೆಡ್ತಪ್ಪ?" ಎಂದ.

"ಏನೂ ಇಲ್ಲ ಕಾಳಣ್ಣ, ಸುಮ್ನೆ ಬಂದೆ."

"ಸುಮ್ನೆ ಬರಕ್ಕೆ ಇದೇನು ಛತ್ರವೇನ್ಲಾ? ಕೆಲ್ಸ ಐತೆ, ಆ ಕಡೆ ನಿಂತ್ಕೊ."

ಭಾನುಪ್ರಕಾಶ ಸೈಕಲ್ಲನ್ನು ರಸ್ತೆಬದಿಯ ಕಂಬಕ್ಕೆ ಒರಗಿಸಿ ಆ ಕಡೆ ನಿಂತ. ಆಗ ಸೀರೆ ಮೂಟೆ ಸಾಗಿಸುವ ಮುರಳೀಕೃಷ್ಣ ತನ್ನ ವ್ಯಾನನ್ನು ಹಿಂದಕ್ಕೆ ತೆಗೆಯತೊಡಗಿದ. ವ್ಯಾನು ನೇರ ಸೈಕಲ್ಲಿನತ್ತಲೇ ಬರುತ್ತಿತ್ತು. ಭಾನುಪ್ರಕಾಶ ಕಣ್ಣಾರೆ ಕಂಡ, ಬಾಯಿ ಮಾತ್ರ ಬಿಡಲಿಲ್ಲ. ಪಾಪಕ್ಕ, "ಒರೇ, ಆಗರಾ! ನಿಲ್ಸೋ!" ಎಂದು ಚೀರಿದಾಗ, ಈ ಹೆಂಗಸಿಗೆ ಯಾಕೆ ಬೇಕಿತ್ತು ಎಂದುಕೊಂಡ.

ಧಡಾರ್! ವ್ಯಾನಿನ ಬಂಪರು ಒಳಕ್ಕೆ ಹೋಯಿತು. ಭಾನುಪ್ರಕಾಶ ಓಡಿಹೋಗಿ ಫ್ರೇಮನ್ನು ತಡವಿದ. ಸೀಟಿನ ಕೆಳಗೆ, ಕೊಳವೆಗಳು ಕೂಡುವ ಕಡೆ, ಕೂದಲೆಳೆಯಷ್ಟು ಬಿರುಕು! "ಬಿಟ್ಕಂಡೈತೆ! ಕಾಳಣ್ಣ, ಬಿಟ್ಕಂಡೈತೆ!" ಎಂದು ಕೂಗಿದ. ಸಂತೋಷ ಕಾಣದಿರಲೆಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನೋಡಿದವರು ಪಾಪ, ಅಳುತ್ತಿದ್ದಾನೆ ಎಂದುಕೊಂಡರು.

ಆಮೇಲೆ ಕೇಳಬೇಕೆ! ಕಾಳಪ್ಪ ಕೈಯಲ್ಲಿದ್ದ ಕೆಲಸ ಬಿಸಾಕಿ ಬಂದ. ಸುದ್ದಿ ಕೇಳಿ ಚಿನ್ನಕ್ಕ ಓಡಿಬಂದು, "ಸೈಕಲ್ ಹೋದ್ರೆ ಹೋಗ್ಲಿ, ನಿಂಗೇನೂ ಆಗ್ಲಿಲ್ವಲ್ಲ ಕಣಪ್ಪ" ಎಂದು ಬೆನ್ನು ಸವರಿದಳು. ಪಾಪಕ್ಕ ಟೀ ತರಿಸಿದಳು. ಮುರಳೀಕೃಷ್ಣ, "ನಂದೇ ತಪ್ಪು ಅಣ್ಣ" ಎಂದು ಕೈ ಮುಗಿದ. ಎಲ್ಲರ ನಡುವೆ ಕೂತ ಭಾನುಪ್ರಕಾಶ ಇಷ್ಟು ದಿನ ಎಲ್ಲಿ ಹೋಗಿತ್ತೋ ಈ ಸುಖ ಎಂದುಕೊಂಡು ಎರಡನೇ ಟೀ ಕುಡಿದ.

ಕಾಳಪ್ಪ ಫ್ರೇಮನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ನನ್ನ ಕೈಲಾಗಲ್ಲ ಕಣ್ಲಾ. ಬೆಸಿಯೋವಾಗ ಗಾಳಿ ತಾಗಿದ್ರೆ ಈ ಲೋಹ ಪಟ್ ಅಂತ ಮುರೀತೈತಂತೆ. ಗ್ಯಾಸ್ ಬಿಟ್ಕಂಡು ಬೆಸೀಬೇಕು."

"ಕಲ್ಯಾಣದುರ್ಗದಲ್ಲಿ ಕೊಟ್ಟೂರಪ್ಪ ಅಂತ ಅವ್ನೆ, ಸ್ಟೀಲ್ ಟ್ಯಾಂಕು ಬೆಸೀತಾನೆ," ಎಂದ ಮುರಳೀಕೃಷ್ಣ. "ನಾನು ಹೆಂಗೂ ಮೂಟೆ ತಗಂಡು ಅಲ್ಲಿಗೇ ಹೋಯ್ತಾ ಇದ್ದೀನಿ."

"ಜೀವಮಾನ ಬಾಳೋದು ತಗೋ ಅಂದೋನು ನಾನು. ನಾನೂ ಬತ್ತೀನಿ ನಡಿ!" ಕಾಳಪ್ಪ ಎದ್ದ.

ಕಲ್ಯಾಣದುರ್ಗದಲ್ಲಿ ಅಕ್ಕನ ಮಗಳಿದ್ದಾಳೆಂದು ಚಿನ್ನಕ್ಕ ಹೊರಟಳು. ಎಲ್ಲರೂ ಹೋಗುವಾಗ ಹೂವು ಯಾರಿಗೆ ಮಾರಲಿ ಎಂದು ಪಾಪಕ್ಕನೂ ಹತ್ತಿದಳು. ಭಾನುಪ್ರಕಾಶ ಹಿಗ್ಗಿಹೋದ. ಎಷ್ಟು ದೂರದ ದಾರಿ, ಎಷ್ಟು ಮಾತು! ಅವನು ವ್ಯಾನಿಗೆ ಕಾಲಿಡುವಷ್ಟರಲ್ಲಿ ಕಾಳಪ್ಪ ತಡೆದ.

"ನೀನೆಲ್ಲಿಗೆ? ಮೊದ್ಲೇ ನೊಂದಿದೀಯ. ಮೂಟೆ, ಸೈಕಲ್ಲು, ಜಾಗಾನೂ ಇಲ್ಲ. ಅಂಗಡಿ ನೋಡ್ಕಂಡು ಸುಮ್ನೆ ಕೂತಿರು. ನಾವಿರೋದ್ಯಾಕೆ?"

"ನಾನೂ ಬತ್ತೀನಿ ಕಾಳಣ್ಣ, ಮೂಟೆ ಮ್ಯಾಲೆ ಕೂತ್ಕಂತೀನಿ."

"ಚುಪ್! ನಿನ್ನ ಸೈಕಲ್ ನಮ್ ಜವಾಬ್ದಾರಿ."

ವ್ಯಾನು ಹೋಯಿತು. ಸರ್ಕಲ್ಲು ಬಿಸಿಲಿಗೆ ಬಿಕೋ ಎನ್ನುತ್ತಿತ್ತು. ಭಾನುವಾರವಾದ್ದರಿಂದ ಗಾಳಿ ತುಂಬಿಸಿಕೊಳ್ಳಲಿಕ್ಕೂ ಯಾರೂ ಬರಲಿಲ್ಲ. ಭಾನುಪ್ರಕಾಶ ಹಳೇ ಟೈರುಗಳ ನಡುವೆ ಕೂತು, ಈಗ ಅವರು ಎಲ್ಲಿರಬಹುದು, ಏನು ಮಾತಾಡುತ್ತಿರಬಹುದು ಎಂದು ಲೆಕ್ಕ ಹಾಕಿದ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಬೆಳಿಗ್ಗೆ ಮನೆಯಲ್ಲೇ ಇದ್ದಿದ್ದರೆ ಒಬ್ಬನೇ ಇರುತ್ತಿದ್ದ, ಅಷ್ಟೇ. ಈಗ ಎಲ್ಲರನ್ನೂ ಊರು ಬಿಡಿಸಿ ಒಬ್ಬನೇ ಕೂತಿದ್ದ.

ಹೊತ್ತು ಇಳಿಯುವಾಗ ಫೋನು ಬಂತು. ಹಿಂದಿನಿಂದ ಚಿನ್ನಕ್ಕ, ಪಾಪಕ್ಕ ಬಿದ್ದುಬಿದ್ದು ನಗುವುದು ಕೇಳಿಸುತ್ತಿತ್ತು.

"ಭಾನೂ!" ಕಾಳಪ್ಪ ಅರಚಿದ. "ಕೊಟ್ಟೂರಪ್ಪ ಅಂದ್ರೆ ದೇವ್ರಂಥ ಮನ್ಷ ಕಣಪ್ಪ! ಹೋಳಿಗೆ ಊಟ ಹಾಕ್ಸಿಬುಟ್ಟ. ದಾರಿಲಿ ಪಾಪಕ್ಕ ಪದ ಹೇಳಿದ್ದೇ ಹೇಳಿದ್ದು. ನನ್ನ ಆಯಸ್ಸಿನಾಗೆ ಇಷ್ಟು ನಕ್ಕಿರ್ಲಿಲ್ಲ, ನಿನ್ನಿಂದ ಆಯ್ತು ನೋಡು!"

"ಬೆಸುಗೆ ಆಯ್ತಾ ಕಾಳಣ್ಣ?"

"ಅದೆಲ್ಲಿ ಒಂದೇ ದಿನಕ್ಕೆ ಆಯ್ತೈತೆ? ಬೇರೆ ಕಡೆಯಿಂದ ಬೆಸಿಯೋ ಕಂಬಿ ತರಿಸ್ಬೇಕಂತೆ, ಇಷ್ಟಿಷ್ಟೇ ಬೆಸೀಬೇಕಂತೆ, ವಾರ ವಾರ ಬನ್ನಿ ಅಂದವ್ನೆ. ನೀನೇನೂ ಯೋಚ್ನೆ ಮಾಡ್ಬೇಡ. ಇನ್ಮ್ಯಾಲೆ ಪ್ರತಿ ಭಾನುವಾರ ನಾವು ನಾಲ್ಕು ಜನಾನೂ ಇಲ್ಲಿಗೆ ಬರೋದು ಅಂತ ಗೊತ್ತು ಮಾಡ್ಕಂಡಿದೀವಿ."

ಭಾನುಪ್ರಕಾಶ ಟೈರುಗಳ ನಡುವಿಂದ ಎದ್ದು ನಿಂತ. "ಮತ್ತೆ ನಾನು?"

"ನೀನು ಇದ್ದೀಯ ಅನ್ನೋ ಧೈರ್ಯಕ್ಕೇ ಕಣ್ಲಾ ಹೊರಟಿರೋದು. ಅಂಗಡಿ ನೋಡ್ಕೊಳ್ಳೋರು ಯಾರಾದ್ರೂ ಬೇಕಲ್ಲ!"