ಬಾನೆಟ್ ಎತ್ತದ ಗಂಡಸು

"ಇಲಿಗೆ ಹೆದರಿ ಬಾನೆಟ್ ಎತ್ತುವ ಗಂಡಸು ನಾನಲ್ಲ!"

ಅರಿಜೋನಾದ ಮರುಭೂಮಿಯ ನಡುವೆ ನಿಂತು ನಾನು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಅರ್ಲೀನ್, ಇನ್ನೊಬ್ಬ ಪಕ್ಕದ ಬಿಡಾರದ ಮುದುಕ ವಿಲ್ಬರ್. ಚಳಿಗಾಲ ಕಳೆಯಲು ಇಲ್ಲಿಗೆ ಬರುವ ನಮ್ಮಂಥ ನಿವೃತ್ತರೆಲ್ಲ ಸಂಜೆಯಾಗುತ್ತಲೇ ಟ್ರಕ್ಕಿನ ಬಾನೆಟ್ ಎತ್ತಿ, ಒಳಗೊಂದು ದೀಪ ತೂಗುಹಾಕುತ್ತಾರೆ. ಕತ್ತಲೆ ಸಿಕ್ಕರೆ ಕಾಡಿಲಿ ಎಂಜಿನ್ನಿನಲ್ಲೇ ಸಂಸಾರ ಹೂಡುತ್ತದಂತೆ. ನಲವತ್ತು ವರ್ಷ ಅಯೋವಾದ ಹಿಮದಲ್ಲಿ ಟೆಲಿಫೋನ್ ಕಂಬ ಹತ್ತಿದ ವೀರನಿಗೆ ಇಲಿ ಯಾವ ಲೆಕ್ಕ!

"ಬೆಟ್ಟದ ಈ ಮಗ್ಗುಲಲ್ಲಿ ಏನೇನೋ ಓಡಾಡತ್ತೆ ಯಜಮಾನ್ರೇ," ಎಂದ ವಿಲ್ಬರ್. "ಇಲಿ ಒಂದೇ ಅಲ್ಲ."

ನಾನು ನಕ್ಕು, ಬೇಕೆಂದೇ ಬಾನೆಟ್ಟನ್ನು ಇನ್ನೊಮ್ಮೆ ಒತ್ತಿ ಭದ್ರಪಡಿಸಿದೆ.

ಮರುದಿನ ಬೆಳಗ್ಗೆ ಎದ್ದು ನಮ್ಮ ಬಿಡಾರದ ಮೆಟ್ಟಿಲ ಮೇಲಿನ ತಗಡಿನ ಲೋಟಕ್ಕೆ ಕೈ ಹಾಕಿದೆ. ಮಲಗುವಾಗ ಅದರಲ್ಲಿ ಬಿಚ್ಚಿಟ್ಟಿದ್ದ ನನ್ನ ಕಿವಿಯಂತ್ರ ಮಾಯ! ಅದರ ಜಾಗದಲ್ಲಿ ಹಲ್ಲು ಸಮೇತ ಒಂದು ಪುಟ್ಟ ದವಡೆ ಮೂಳೆ. ಯಾರೋ ಜೋಪಾನವಾಗಿ ಇಟ್ಟು ಹೋದ ಹಾಗಿತ್ತು. ಎರಡು ಹೆಜ್ಜೆ ಹಿಂದೆ ಸರಿದೆ. ಆದರೆ ಘೋಷಣೆ ಮಾಡಿದ ಬಾಯಿ ಬಿಟ್ಟುಕೊಡುತ್ತದೆಯೇ?

ಅಂದು ಸಂಜೆ ಹೊರಗಿನ ಸೌದೆ ಒಲೆಯಲ್ಲಿ ಬೀನ್ಸ್ ಬೇಯಿಸುತ್ತಿದ್ದ ಅರ್ಲೀನ್ ಸೌಟು ಹಿಡಿದೇ ಮರಗಟ್ಟಿ ನಿಂತಳು.

"ಕೇಳಿಸ್ತಾ? ಯಾರೋ ಸಿಳ್ಳೆ ಹಾಕ್ತಿದಾರೆ."

"ಏನು?"

"ಸಿಳ್ಳೆ!" ಕಿವಿಗೇ ಬಾಯಿಟ್ಟು ಕಿರುಚಿದಳು.

"ಗಾಳಿ ಕಣೇ."

"ಗಾಳಿ ಎಲ್ಲಿದೆ? ಹೊಗೆ ನೆಟ್ಟಗೆ ಹೋಗ್ತಿದೆ ನೋಡ್ರೀ!"

ಹೊಗೆ ನಿಜಕ್ಕೂ ನೆಟ್ಟಗೇ ಹೋಗುತ್ತಿತ್ತು.

ಮರುದಿನ ಪಾತ್ರೆ ತೊಳೆಯುವ ಮೊದಲು ಅವಳು ಮದುವೆಯುಂಗುರ ಬಿಚ್ಚಿದಳು. "ಲೋಟದಲ್ಲೇ ಇಡು! ಮೂಳೆಗೆ ಹೆದರಿ ಲೋಟ ಬಿಡೋಕಾಗತ್ತಾ?" ಎಂದವನು ನಾನೇ. ಅವಳು ಇಟ್ಟಳು, ಮರೆತಳು. ಮೂರನೆಯ ಬೆಳಗ್ಗೆ ಉಂಗುರವಿಲ್ಲ, ಲೋಟದಲ್ಲಿ ಮುಳ್ಳುಕಳ್ಳಿಯ ತುಂಡೊಂದಿತ್ತು! ನಲವತ್ತಾರು ವರ್ಷ ಬೆರಳಿನಲ್ಲಿದ್ದ ಉಂಗುರ ಅದು. ಅವಳು ಬೈಯಲಿಲ್ಲ, ಬರಿದಾದ ಬೆರಳನ್ನು ಸವರಿಕೊಳ್ಳುತ್ತಾ ಕೂತಳು. ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

"ರಾತ್ರಿಯೆಲ್ಲ ಸಿಳ್ಳೆ," ಎಂದಳು ಕೊನೆಗೆ, ನನ್ನ ಕಿವಿಯ ಬಳಿ ಬಂದು. "ಒಂದು ತಗೊಂಡು ಒಂದು ಇಡ್ತಿದೆ. ನಾಳೆ ನಿಮ್ಮನ್ನ ತಗೊಂಡ್ರೆ ಬದಲಿಗೆ ಏನಿಡತ್ತೋ! ಹೋಗಿ, ಊರಿಂದ ಯಾರನ್ನಾದ್ರೂ ಕರ್ಕೊಂಡು ಬನ್ನಿ, ಉಂಗುರ ಹುಡುಕೋಣ."

ಟ್ರಕ್ಕು ಹತ್ತಿ ಕೀಲಿ ತಿರುಗಿಸಿದೆ. ಏನೂ ಕೇಳಿಸಲಿಲ್ಲ. ನನ್ನ ಕಿವಿಯ ದೋಷ ಅಂದುಕೊಂಡೆ. ಅರ್ಲೀನಳ ಮುಖ ನೋಡಿದ ಮೇಲೆ ಗೊತ್ತಾಯಿತು, ಸದ್ದೇ ಆಗಿರಲಿಲ್ಲ.

ವಿಲ್ಬರ್ ಬಂದು ಬಾನೆಟ್ ಎತ್ತಿದ. ಎಂಜಿನ್ ಮೇಲೆ ಕಳ್ಳಿ, ಕಡ್ಡಿ, ಮೂಳೆಗಳ ಅರಮನೆ! ವೈರುಗಳೆಲ್ಲ ಚೂರುಚೂರು. "ಈ ಇಲಿ ಬರೀ ಕಳ್ಳ ಅಲ್ಲ, ವ್ಯಾಪಾರಿ. ಹೊಳೆಯೋದು ಕಂಡ್ರೆ ಬಾಯಲ್ಲಿದ್ದದ್ದನ್ನ ಅಲ್ಲೇ ಇಟ್ಟು ಇದನ್ನ ಎತ್ಕೊಂಡು ಹೋಗತ್ತೆ," ಎಂದು ನನಗೆ ಕೇಳಿಸುವಂತೆ ಕೂಗಿದ. ಅರಮನೆಯ ನಡುಮನೆಯಲ್ಲಿ ಉಂಗುರ! ಪಕ್ಕದಲ್ಲೇ ನನ್ನ ಕಿವಿಯಂತ್ರ!

ಅರ್ಲೀನ್ ಅಳುತ್ತಲೇ ಉಂಗುರ ತೊಟ್ಟಳು. "ಮೂರು ದಿನ ನನ್ನ ಮಾತು ಈ ಇಲಿಗಾದ್ರೂ ಕೇಳಿಸ್ತಲ್ಲ!"

"ನೋಡಿದ್ಯಾ? ಸಿಳ್ಳೆಯೂ ಈ ಯಂತ್ರದ್ದೇ! ಅದುಮಿದ್ರೆ ಕುಂಯ್ ಅನ್ನತ್ತೆ!" ಎಂದೆ, ಗೆದ್ದ ಠೀವಿಯಲ್ಲಿ.

ವಿಲ್ಬರ್ ಅದರ ಮುಚ್ಚಳ ತೆರೆದು ತೋರಿಸಿದ. ಒಳಗೆ ಬ್ಯಾಟರಿಯೇ ಇಲ್ಲ. ಎಲ್ಲಿರುತ್ತದೆ? ಮಲಗುವ ಮುಂಚೆ ಅದನ್ನು ತೆಗೆದು ಜೇಬಿಗೆ ಹಾಕುವವನು ನಾನೇ!

ಜೇಬಿನ ಬ್ಯಾಟರಿ ತುರುಕಿ, ಯಂತ್ರವನ್ನು ಕಿವಿಗಿಟ್ಟೆ. ಬೆಟ್ಟದ ಕಡೆಯಿಂದ ಸಣ್ಣಗೆ, ನಿಧಾನವಾಗಿ, ಯಾರನ್ನೋ ಕರೆಯುವಂತೆ ಸಿಳ್ಳೆ ಬರುತ್ತಿತ್ತು. ಒಲೆಯ ಹೊಗೆ ನೆಟ್ಟಗೇ ಏಳುತ್ತಿತ್ತು.

"ಅರ್ಲೀನ್... ಅದು... ಕೇಳಿಸ್ತಾ?"

ಉಂಗುರ ತಿರುಗಿಸಿಕೊಳ್ಳುತ್ತಾ, ತಲೆಯೆತ್ತದೆ ಅವಳೆಂದಳು:

"ಗಾಳಿ ಕಣ್ರೀ."